ದಸರಾದಿಂದ ದೀಪಾವಳಿಯವರೆಗೆ: ಹದಿನಾಲ್ಕು ಮಂದಿಯ ಮನೆಯಲ್ಲಿ ಕನ್ನಡ ಪಾಠ



ಸಂಘದ ಕಾರ್ಯಕ್ರಮಗಳಲ್ಲಿ ಸಿಕ್ಕಾಗಲೆಲ್ಲ ಹಲವರು ನಮ್ಮನ್ನು ಕೇಳುವ ಮಾತು ಒಂದೇ: "ಮಕ್ಕಳು ಮನ್ಯಾಗ ಕನ್ನಡಾನೇ ಮಾತಾಡ್ತಾವ್ರಿ, ಆದ್ರ ಓದಾಕ ಬರಂಗಿಲ್ಲ. ಏನ್ ಮಾಡೂದು?" ನಮ್ಮ ಮನೆಯಲ್ಲೂ ಇದೇ ಕಥೆ ಇತ್ತು. ಮೂರು ವರ್ಷದಿಂದ ದಸರೆ ಮತ್ತು ದೀಪಾವಳಿಯ ನಡುವಿನ ದಿನಗಳಲ್ಲಿ ಮಕ್ಕಳಿಗೆ ಮನೆಯಲ್ಲೇ ಕನ್ನಡ ಓದುಬರಹ ಕಲಿಸುತ್ತಿದ್ದೇವೆ. ನಾವು ಯಾರೂ ಶಿಕ್ಷಕರಲ್ಲ. ತಪ್ಪು ಮಾಡುತ್ತ, ತಿದ್ದಿಕೊಳ್ಳುತ್ತ ಕಲಿತದ್ದನ್ನು ಇಲ್ಲಿ ಬರೆದಿದ್ದೇವೆ.

ನಮ್ಮ ಮನೆ

ಸೊಲ್ಲಾಪುರದಲ್ಲಿ ನಮ್ಮದು ಕೂಡು ಕುಟುಂಬ. ಮುತ್ಯಾ, ಆಯಿ, ಮೂವರು ಗಂಡುಮಕ್ಕಳು, ಮೂವರು ಸೊಸೆಯಂದಿರು, ಆರು ಮೊಮ್ಮಕ್ಕಳು, ಒಟ್ಟು ಹದಿನಾಲ್ಕು ಮಂದಿ. ಒಂದು ಕಿರಾಣಿ ಅಂಗಡಿ ಇದೆ, ಅಕ್ಕಲಕೋಟೆ ಕಡೆ ಒಂದಿಷ್ಟು ಹೊಲ ಇದೆ. ಮಕ್ಕಳಲ್ಲಿ ದೊಡ್ಡವನು ಹತ್ತನೆಯ ತರಗತಿ, ಕೊನೆಯವಳಿಗೆ ನಾಲ್ಕು ವರ್ಷ. ಕೆಲವರು ಮರಾಠಿ ಮಾಧ್ಯಮ, ಕೆಲವರು ಇಂಗ್ಲಿಷ್ ಮಾಧ್ಯಮ. ಕಿರಿ ಸೊಸೆಯ ತವರುಮನೆ ಮಾತು ಮರಾಠಿ.

ಮುತ್ಯಾ ಓದಿದ್ದು ಕನ್ನಡ ಶಾಲೆಯಲ್ಲಿ. ಹೊಲದ ಲೆಕ್ಕ, ಬೀಜದ ಕೊಡು-ತಗೊಳ್ಳುವಿಕೆ, ಬಾವಿಯ ನೀರಿನ ಪಾಳಿ ಎಲ್ಲವನ್ನೂ ಕನ್ನಡದಲ್ಲೇ ಬರೆದಿಟ್ಟಿದ್ದಾರೆ. ಮೂರು ವರ್ಷದ ಹಿಂದೆ ಅವರ ಕಣ್ಣಿಗೆ ಪೊರೆ ಬಂತು. ಶಸ್ತ್ರಚಿಕಿತ್ಸೆ ಆಗುವವರೆಗೆ ಓದಲು ಆಗುತ್ತಿರಲಿಲ್ಲ. ಅದೇ ಹೊತ್ತಿಗೆ ಇಂಡಿಯಲ್ಲಿರುವ ಅವರ ತಂಗಿಯಿಂದ ಕಾಗದ ಬಂತು. ದೊಡ್ಡ ಮೊಮ್ಮಗನನ್ನು ಕರೆದು "ಓದಪ್ಪಾ" ಎಂದು ಕೈಗೆ ಕೊಟ್ಟರು. ಹುಡುಗ ಕಾಗದವನ್ನು ಒಮ್ಮೆ ನೋಡಿದ, ಮುತ್ಯಾನ ಮುಖವನ್ನು ಒಮ್ಮೆ ನೋಡಿದ. "ನನಗ ಬರಂಗಿಲ್ಲ ಮುತ್ಯಾ" ಎಂದ. ಮುತ್ಯಾ ಸಿಟ್ಟಾಗಲಿಲ್ಲ. ಕಾಗದ ಮಡಚಿ ತಲೆದಿಂಬಿನ ಕೆಳಗೆ ಇಟ್ಟುಕೊಂಡರು, ಅಷ್ಟೆ. ಸಂಜೆ ಅಂಗಡಿಯಿಂದ ಬಂದ ಮೇಲೆ ನಾವು ಓದಿ ಹೇಳಿದೆವು.

ಆ ರಾತ್ರಿ ಮಾತಿಗೆ ಕುಳಿತಾಗ ಲೆಕ್ಕ ಸ್ಪಷ್ಟವಾಯಿತು. ಮನೆಯಲ್ಲಿ ಕನ್ನಡ ಓದಬಲ್ಲವರು ಐದು ಮಂದಿ, ಎಲ್ಲರೂ ಮೂವತ್ತೈದು ದಾಟಿದವರು. ನಮ್ಮ ನಂತರ ಆ ಲೆಕ್ಕದ ಪುಸ್ತಕ ತೆರೆಯುವವರು ಯಾರು?

ಮೊದಲ ವರ್ಷದ ತಪ್ಪು

ಮರಾಠಿ ನಾಡಿನ ಶಾಲೆಗಳಿಗೆ ದೊಡ್ಡ ರಜೆ ದೀಪಾವಳಿಗೆ. ನವರಾತ್ರಿಯಲ್ಲಿ ಶಾಲೆ ನಡೆದೇ ಇರುತ್ತದೆ. ನಾವು ಉತ್ಸಾಹದಲ್ಲಿ ದೀಪಾವಳಿ ರಜೆಗೆಂದು ದೊಡ್ಡ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆವು. ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು. ಮೂರನೆಯ ದಿನಕ್ಕೇ ಅದು ಬಿದ್ದುಹೋಯಿತು. ಒಲೆಯ ಮೇಲೆ ಚಕ್ಕುಲಿ ಎಣ್ಣೆ, ಬಾಗಿಲಲ್ಲಿ ಬೀಗರು, ಅಂಗಡಿಯಲ್ಲಿ ಹಬ್ಬದ ಗಿರಾಕಿ. ಕಲಿಸುವವರೂ ಇಲ್ಲ, ಕೂಡುವವರೂ ಇಲ್ಲ. ಎಂಟನೆಯ ತರಗತಿಯ ಹುಡುಗಿ ನೇರವಾಗಿ ಕೇಳಿದಳು: "ಇದಕ್ಕ ಮಾರ್ಕ್ಸ್ ಬರ್ತಾವೇನು? ಸುಟ್ಟಿ ಅಂದ್ರ ಸುಟ್ಟಿ."

ಅವಳ ಮಾತು ತಪ್ಪಲ್ಲ. ಹಬ್ಬದ ಮನೆಯನ್ನು ಶಾಲೆ ಮಾಡಲು ಹೋದದ್ದು ನಮ್ಮ ತಪ್ಪು. ಮುಂದಿನ ವರ್ಷ ನವರಾತ್ರಿಯಿಂದಲೇ ಶುರು ಮಾಡಿದೆವು, ದಿನಕ್ಕೆ ಅರ್ಧ ತಾಸು ಮಾತ್ರ. ಸಂಜೆ ದೀಪ ಹಚ್ಚಿದ ಮೇಲೆ, ಊಟಕ್ಕೆ ಮೊದಲು. ಉಳಿದ ಪಾಠವನ್ನು ಮನೆಯ ಕೆಲಸದೊಳಗೇ ಸೇರಿಸಿದೆವು.

ಅಕ್ಷರ ಯಾವುದರಿಂದ ಶುರು?

ಕನ್ನಡದ ಅಕ್ಷರಗಳು 49: ಸ್ವರ 13, ಯೋಗವಾಹ 2, ವ್ಯಂಜನ 34. ಎಲ್ಲವನ್ನೂ ಸಾಲಾಗಿ ಬಾಯಿಪಾಠ ಮಾಡಿಸಿ ಆಮೇಲೆ ಪದಕ್ಕೆ ಬರುತ್ತೇವೆಂದರೆ ಮಕ್ಕಳಿಗೆ ಬೇಸರ ಬರುತ್ತದೆ. ಕರ್ನಾಟಕದ ನಲಿಕಲಿ ತರಗತಿಗಳಲ್ಲಿ ರ, ಗ, ಸ, ದ, ಅ ಎಂದು ಶುರು ಮಾಡುತ್ತಾರೆ. ಈ ಐದೇ ಅಕ್ಷರದಲ್ಲಿ ಸರ, ದರ, ಅರಸ, ಗರಗಸ ಎಂದು ಓದಬಹುದು. ಮೊದಲ ದಿನವೇ ಒಂದು ಪದ ಓದಿದ ಮಗು ಎರಡನೆಯ ದಿನ ತಾನಾಗಿ ಬಂದು ಕೂಡುತ್ತದೆ. ನಮ್ಮ ಮಕ್ಕಳಿಗೆ ಭಾಷೆ ಮೊದಲೇ ಗೊತ್ತು, ಗೊತ್ತಿಲ್ಲದ್ದು ಅಕ್ಷರ ಮಾತ್ರ. ಹಾಗಾಗಿ ಹೊಸದಾಗಿ ಭಾಷೆ ಕಲಿಯುವವರಿಗಿಂತ ಇವರು ಬೇಗ ಹಿಡಿಯುತ್ತಾರೆ.

ಆಮೇಲೆ ಕಾಗುಣಿತ, ಅದಾದ ಮೇಲೆ ಒತ್ತಕ್ಷರ. ಖ, ಘ, ಛ, ಝ ಮೊದಲಾದ ಮಹಾಪ್ರಾಣಗಳನ್ನು ಕೊನೆಗೆ ಇಟ್ಟುಕೊಂಡೆವು. ಮನೆಮಾತಿನಲ್ಲಿ ಅವುಗಳ ಬಳಕೆ ಕಡಿಮೆ.

ಶಾಲೆಯ ಲಿಪಿ ಯಾವುದೋ, ತೊಡಕು ಅಲ್ಲೇ

ನಮ್ಮ ಸದಸ್ಯರ ಮಕ್ಕಳು ಬೇರೆ ಬೇರೆ ಲಿಪಿಗಳಲ್ಲಿ ಓದುತ್ತಿದ್ದಾರೆ. ಆ ಲಿಪಿಯ ರೂಢಿಯನ್ನು ಕನ್ನಡಕ್ಕೂ ತರುತ್ತಾರೆ. ಎಲ್ಲಿ ಎಡವುತ್ತಾರೆ ಎಂದು ಮೊದಲೇ ತಿಳಿದಿದ್ದರೆ ಕಲಿಸುವುದು ಹಗುರ.

ಮರಾಠಿ ಓದುವ ಮಕ್ಕಳು: ಮರಾಠಿ ಬರಹದಲ್ಲಿ 'ಎ' ಮತ್ತು 'ಏ'ಗೆ, 'ಒ' ಮತ್ತು 'ಓ'ಗೆ ಒಂದೊಂದೇ ಅಕ್ಷರ. ಹೀಗಾಗಿ ಹೊಲದ 'ಬೆಳೆ'ಯೂ ಅಡಿಗೆಮನೆಯ 'ಬೇಳೆ'ಯೂ ಇವರ ಬರಹದಲ್ಲಿ ಒಂದೇ ಆಗಿಬಿಡುತ್ತವೆ. ಕೊಡು–ಕೋಡು, ತೊಳೆ–ತೋಳ ಇಂಥ ಜೋಡಿಗಳನ್ನು ಬಾಯಲ್ಲಿ ಹೇಳಿಸಿ ಬರೆಸಬೇಕು. ಇನ್ನೊಂದು ಒತ್ತಕ್ಷರ. ಮರಾಠಿಯಲ್ಲಿ ಸಾಮಾನ್ಯವಾಗಿ ಮೊದಲ ವ್ಯಂಜನ ಅರ್ಧವಾಗುತ್ತದೆ, ಕನ್ನಡದಲ್ಲಿ ಮೊದಲನೆಯದು ಪೂರ್ತಿ, ಎರಡನೆಯದು ಕೆಳಗೆ. ಗೋವಾದಲ್ಲಿ ದೇವನಾಗರಿಯಲ್ಲಿ ಕೊಂಕಣಿ ಓದುವವರಿಗೂ ಇದು ಅನ್ವಯ.

ತಮಿಳು ಓದುವ ಮಕ್ಕಳು: ತಮಿಳಿನಲ್ಲಿ 'ಕ', 'ಗ' ಎರಡಕ್ಕೂ ಒಂದೇ ಅಕ್ಷರ. ತ–ದ, ಪ–ಬ ಕೂಡ ಹಾಗೆಯೇ. ಹೊಸೂರು, ತಾಳವಾಡಿ, ನೀಲಗಿರಿ ಕಡೆಯವರು ಕಾಳಿ–ಗಾಳಿ, ತಡ–ದಡ ಇಂಥ ಜೋಡಿಗಳಿಂದ ಶುರು ಮಾಡಬಹುದು. ಎ–ಏ, ಒ–ಓ ವ್ಯತ್ಯಾಸ ಅವರಿಗೆ ಮೊದಲೇ ಗೊತ್ತಿರುತ್ತದೆ.

ಮಲಯಾಳಂ ಓದುವ ಮಕ್ಕಳು: ಅಲ್ಲಿ 'ಎ' ಸ್ವರದ ಚಿಹ್ನೆ ಅಕ್ಷರಕ್ಕೆ ಮೊದಲು, ಎಡಗಡೆ ಬರುತ್ತದೆ. ಕನ್ನಡದಲ್ಲಿ ಅದು ಅಕ್ಷರದ ತಲೆಯ ಮೇಲೆ. ಕಾಸರಗೋಡು, ವಯನಾಡಿನ ಮಕ್ಕಳಿಗೆ ಕೆ, ತೆ, ಮೆ ಬರೆಯುವಾಗ ಇದನ್ನು ಒಮ್ಮೆ ತೋರಿಸಿಕೊಡಬೇಕು.

ತೆಲುಗು ಓದುವ ಮಕ್ಕಳು: ಎರಡು ಲಿಪಿಗಳೂ ಅಕ್ಕತಂಗಿಯರು. ಆದೋನಿ, ರಾಯದುರ್ಗ, ಮಡಕಶಿರಾ ಕಡೆಯ ಮಕ್ಕಳು ಕೆಲವೇ ದಿನಗಳಲ್ಲಿ ಓದಲು ಕಲಿಯಬಲ್ಲರು. ಬರೆಯುವಾಗ ಮಾತ್ರ ತಲೆಕಟ್ಟು ತೆಲುಗಿನದು ಬರುತ್ತದೆ. ಕನ್ನಡದಲ್ಲಿ 'ಕೆ'ಯನ್ನು 'ಕೇ' ಮಾಡಲು ಪಕ್ಕದಲ್ಲಿ ದೀರ್ಘದ ಗುರುತು ಸೇರಿಸುತ್ತೇವೆ, ತೆಲುಗಿನಲ್ಲಿ ಮೇಲಿನ ಚಿಹ್ನೆಯೇ ಬದಲಾಗುತ್ತದೆ. ಇದನ್ನು ಬೇರೆಯಾಗಿ ಹೇಳಬೇಕು.

ಮನೆಯ ಕೆಲಸವೇ ಪಾಠ

ಘಟದ ಮೊಳಕೆ: ನವರಾತ್ರಿಯ ಮೊದಲ ದಿನ ಘಟದ ಸುತ್ತ ಮಣ್ಣಿನಲ್ಲಿ ಕಾಳು ಹಾಕುತ್ತೇವಲ್ಲ, ಐದನೆಯ ತರಗತಿಯ ಇಬ್ಬರಿಗೆ ಅದನ್ನು ಅಳೆಯುವ ಕೆಲಸ. ದಿನವೂ ಪಟ್ಟಿಯಿಂದ ಅಳೆದು ಒಂದು ಸಾಲು ಬರೆಯಬೇಕು: ಯಾವ ಕಾಳು, ಎಷ್ಟು ಎತ್ತರ, ಬಣ್ಣ ಹೇಗಿದೆ. ವಿಜಯದಶಮಿಯ ಹೊತ್ತಿಗೆ ಹತ್ತು ಸಾಲು ಆಗಿರುತ್ತವೆ. ಅದು ಅವರ ಮೊದಲ ಕನ್ನಡ ಪುಟ.

ಮಳೆಯ ಲೆಕ್ಕ: ಹಿಂಗಾರಿ ಜೋಳ ಬಿತ್ತುವ ಕಾಲ ಇದು. ಮುತ್ಯಾ ತಿಂಗಳಿನಿಂದ ಹೇಳುವುದಿಲ್ಲ, ಮಳೆಯಿಂದ ಹೇಳುತ್ತಾರೆ: ಉತ್ತರಿ, ಹಸ್ತ, ಚಿತ್ತಿ, ಸ್ವಾತಿ. ವರ್ಷಕ್ಕೆ 27 ನಕ್ಷತ್ರ, 365 ದಿನ. ಒಂದು ನಕ್ಷತ್ರಕ್ಕೆ ಎಷ್ಟು ದಿನ ಎಂದು ಭಾಗಿಸಿ ನೋಡಲು ಹೇಳಿದೆವು. ಹದಿಮೂರೂವರೆ ಬಂತು. ಕ್ಯಾಲೆಂಡರಿನಲ್ಲಿ ಆ ಹೆಸರುಗಳನ್ನು ಹುಡುಕಿ ಓದಿದರು. ಗಣಿತವೂ ಆಯಿತು, ಕನ್ನಡವೂ ಆಯಿತು. ಮುತ್ಯಾನ ಲೆಕ್ಕದ ಪುಸ್ತಕದಲ್ಲಿ '೧', '೨', '೩' ಎಂದು ಕನ್ನಡ ಅಂಕಿಗಳಿವೆ. ಅವನ್ನು ಓದುವುದೇ ಒಂದು ಆಟವಾಯಿತು.

ಡಬ್ಬಿಯ ಚೀಟಿ: ದೀಪಾವಳಿಯ ತಿಂಡಿ ಡಬ್ಬಿಗಳಿಗೆ ಚೀಟಿ ಬರೆಯುವುದು ಎರಡನೆಯ ತರಗತಿಯವನ ಕೆಲಸ. ಚಕ್ಕುಲಿ, ಚಿವಡಾ, ಶಂಕರಪಾಳಿ, ಕರ್ಚಿಕಾಯಿ. 'ಚಕ್ಕುಲಿ'ಯಲ್ಲಿ ಒತ್ತು ಬಿಟ್ಟರೆ ಅಕ್ಕಂದಿರು ನಗುತ್ತಾರೆ, ಮರುದಿನ ಸರಿ ಬರೆಯುತ್ತಾನೆ. ಅಂಗಡಿಗೆ ಹೋಗುವ ಸಾಮಾನಿನ ಯಾದಿಯೂ ಈಗ ಕನ್ನಡದಲ್ಲೇ.

ಫೋನು: ದೊಡ್ಡ ಹುಡುಗರನ್ನು ಫೋನಿನಿಂದ ದೂರ ಇಡುವುದು ನಮ್ಮಿಂದ ಆಗಲಿಲ್ಲ. ಅದನ್ನೇ ಪಾಠಕ್ಕೆ ಹಚ್ಚಿದೆವು. ರಜೆ ಮುಗಿಯುವವರೆಗೆ ಮನೆಯ ವಾಟ್ಸಾಪ್ ಗುಂಪಿನಲ್ಲಿ ಕನ್ನಡ ಅಕ್ಷರದಲ್ಲೇ ಬರೆಯಬೇಕು, ಇಂಗ್ಲಿಷ್ ಅಕ್ಷರದ ಕನ್ನಡಕ್ಕೆ ಉತ್ತರವಿಲ್ಲ. ವಿಜಯಪುರದ ಅಕ್ಕನ ಮಕ್ಕಳೂ ಸೇರಿಕೊಂಡರು. ಹತ್ತನೆಯ ತರಗತಿಯವನು ಹೆಚ್ಚು ಕಲಿತದ್ದು ಇಲ್ಲೇ.

ಆಯಿಯ ಪರೀಕ್ಷೆ

ಎಲ್ಲಕ್ಕಿಂತ ಉಪಯೋಗ ಆದದ್ದು ನಾವು ಯೋಚಿಸದೇ ಇದ್ದದ್ದು. ಆಯಿ ಶಾಲೆಗೆ ಹೋದವರಲ್ಲ, ಓದು ಬಾರದು. ಒಂದು ಸಂಜೆ ಕಲಿಸುವವರು ಯಾರೂ ಬಿಡುವಾಗಿರಲಿಲ್ಲ. ಆಯಿ ಶೇಂಗಾ ಸುಲಿಯುತ್ತ ತಮ್ಮ ತವರೂರಿನ ಸೀಗಿ ಹುಣ್ಣಿಮೆಯ ಮಾತು ಹೇಳುತ್ತಿದ್ದರು. ಎಂಟನೆಯ ತರಗತಿಯವಳಿಗೆ "ಅದನ್ನೇ ಬರೀ" ಎಂದೆವು. ಬರೆದು ಓದಿ ಹೇಳಿದಳು. ಆಯಿ ತಕ್ಷಣ ತಡೆದರು: "ನಾ ಹಂಗ ಅಂದಿಲ್ಲ. ಎತ್ತಿನ ಕೋಡ ಅಂದೀನಿ, ನೀ ಕೊಡ ಅಂತ ಓದಿದಿ." ಹುಡುಗಿ ಬರಹ ನೋಡಿದಳು, ದೀರ್ಘ ಬಿಟ್ಟುಹೋಗಿತ್ತು.

ಅಂದಿನಿಂದ ಅದೇ ಪದ್ಧತಿ. ಆಯಿ ಹೇಳುತ್ತಾರೆ, ಮಕ್ಕಳು ಬರೆಯುತ್ತಾರೆ, ಬರೆದದ್ದನ್ನೇ ಓದಿ ಕೇಳಿಸುತ್ತಾರೆ. ಓದು ಬಾರದ ಆಯಿ ಹ್ರಸ್ವ-ದೀರ್ಘದ ಒಂದು ತಪ್ಪನ್ನೂ ಬಿಡುವುದಿಲ್ಲ. ಕನ್ನಡ ಕಲಿಸಲು ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ ಎನ್ನುವವರಿಗೆ ನಾವು ಹೇಳುವುದು ಇಷ್ಟೇ: ಹಿರಿಯರೊಬ್ಬರಿದ್ದರೆ ಅರ್ಧ ಶಿಕ್ಷಕರು ಸಿಕ್ಕಂತೆ. ಮಾರ್ಕ್ಸ್ ಕೇಳಿದ ಹುಡುಗಿಯ ಹತ್ತಿರ ಈಗ ಆಯಿಯ ಮಾತುಗಳ ಒಂದು ನೋಟ್‌ಬುಕ್ ತುಂಬಿದೆ. ಕಿರಿ ಸೊಸೆಯೂ ಮಕ್ಕಳ ಜೊತೆ ಕುಳಿತು ಕಲಿತರು. ನಾಲ್ಕು ವರ್ಷದವಳಿಗೆ ಅಕ್ಷರ ತಿದ್ದಿಸುವವರು ಈಗ ಅವರೇ.

ಕೆಲವು ಕಿವಿಮಾತು

ಇದು ಶಾಲೆಗೆ ಬದಲಿ ಅಲ್ಲ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಕನ್ನಡ ಶಾಲೆ ಹತ್ತಿರವಿದ್ದವರು ಅದನ್ನು ಬಿಡಬೇಡಿ, ಉಳಿಸಿಕೊಳ್ಳಿ. ಇಲ್ಲದವರಿಗಾಗಿ ಈ ಮನೆಪಾಠ.

ನಿಮ್ಮ ರಾಜ್ಯದ ರಜೆ ನೋಡಿ ದಿನ ಗೊತ್ತು ಮಾಡಿ. ಆಂಧ್ರ, ತೆಲಂಗಾಣದಲ್ಲಿ ದಸರೆಗೆ ರಜೆ, ತಮಿಳುನಾಡಿನಲ್ಲಿ ತ್ರೈಮಾಸಿಕ ಪರೀಕ್ಷೆಯ ನಂತರ, ಕೇರಳದಲ್ಲಿ ದೊಡ್ಡ ರಜೆ ಓಣಂಗೆ. ಕಾಸರಗೋಡಿನ ಕಡೆ ವಿಜಯದಶಮಿಯಂದು ಅಕ್ಕಿಯಲ್ಲಿ ಅಕ್ಷರ ಬರೆಸುವ ರೂಢಿ ಇದೆ, ಶುರು ಮಾಡಲು ಅದಕ್ಕಿಂತ ಒಳ್ಳೆಯ ದಿನ ಬೇಕೇ?

ಒಂದು ದಿನ ತಪ್ಪಿದರೆ ಬೇಸರ ಬೇಡ, ಮರುದಿನ ಎರಡು ಪಟ್ಟು ಓದಿಸಲೂ ಬೇಡ. ತಪ್ಪು ಬರೆದದ್ದಕ್ಕೆ ಎಲ್ಲರೆದುರು ಬೈಯಬೇಡಿ. ದೊಡ್ಡವರು ಚಿಕ್ಕವರಿಗೆ ಕಲಿಸಲಿ, ಇಬ್ಬರಿಗೂ ಪಾಠ ಗಟ್ಟಿಯಾಗುತ್ತದೆ.

ತಡವಾಯಿತು ಎಂದು ಅನಿಸಿದರೆ ನಮ್ಮೂರಿನ ಜಯದೇವಿತಾಯಿ ಲಿಗಾಡೆಯವರನ್ನು ನೆನೆಯಿರಿ. ಮರಾಠಿಯಲ್ಲಿ ಶಾಲೆ ಓದಿದ ಆ ತಾಯಿ ಕನ್ನಡದಲ್ಲಿ ಸಿದ್ಧರಾಮನ ಪುರಾಣ ಬರೆದರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, ಆ ಪೀಠದಲ್ಲಿ ಕುಳಿತ ಮೊದಲ ಮಹಿಳೆ ಅವರೇ.

ಹೋದ ದಸರೆಯಲ್ಲಿ ಬನ್ನಿ ಕೊಟ್ಟು ಕಾಲು ಮುಟ್ಟಿದ ದೊಡ್ಡ ಮೊಮ್ಮಗನ ಕೈಗೆ ಮುತ್ಯಾ ತಂಗಿಯ ಅದೇ ಹಳೆಯ ಕಾಗದ ಕೊಟ್ಟರು. ಮುತ್ಯಾನ ಕಣ್ಣು ಈಗ ಸರಿಯಾಗಿದೆ, ಅವರೇ ಓದಬಲ್ಲರು. ಆದರೂ ಕೊಟ್ಟರು. ಹುಡುಗ ತಡವರಿಸುತ್ತ, ಎರಡು ಕಡೆ ನಿಂತು, ಕೊನೆಯವರೆಗೆ ಓದಿದ. ಮುತ್ಯಾ ಕೇಳಿದ್ದು ಒಂದೇ: "ಇನ್ನ, ಉತ್ತರ ಯಾರು ಬರೀತೀರಿ?"

ಈ ವರ್ಷ ನಿಮ್ಮ ಮನೆಯ ಮಕ್ಕಳು ಬರೆದ ಒಂದು ಪುಟ, ಅಜ್ಜಿಯ ಮಾತಾಗಲಿ, ಮಳೆಯ ಲೆಕ್ಕವಾಗಲಿ, ತಿಂಡಿಯ ಯಾದಿಯಾಗಲಿ, ನವೆಂಬರ್ 1ರ ರಾಜ್ಯೋತ್ಸವಕ್ಕೆ ತಪ್ಪದೆ ತನ್ನಿ. ಅಷ್ಟರೊಳಗೆ ಆಗದಿದ್ದರೆ ದೀಪಾವಳಿ ಮುಗಿದ ಮೇಲೆ ತಂದರೂ ಆದೀತು. ತಪ್ಪುಗಳನ್ನು ತಿದ್ದದೆ ಹಾಗೆಯೇ ತನ್ನಿ. ಎಲ್ಲರೂ ಕೂಡಿ ಓದೋಣ.

ಎಲ್ಲರಿಗೂ ದಸರೆ, ದೀಪಾವಳಿಯ ಶುಭಾಶಯಗಳು.