ಕನೆಕ್ಟಿಂಗ್ ರಾಡಿನ ಉದ್ದ ಮತ್ತು ಪಿಸ್ಟನ್ನಿನ ವೇಗೋತ್ಕರ್ಷ: ಒಂದು ತರಗತಿ ಚಟುವಟಿಕೆ

ಬೋಧನಾಭ್ಯಾಸದಲ್ಲಿ ಒಂಬತ್ತನೇ ತರಗತಿಗೆ ‘ಚಲನೆ’ ಪಾಠ ಮಾಡುವಾಗ ಬೈಕಿನ ಎಂಜಿನ್ನನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೆ. ಪಿಸ್ಟನ್ ಮೇಲ್ತುದಿಯಲ್ಲಿದ್ದಾಗಿನಿಂದ ಕ್ರ್ಯಾಂಕ್ ಕಾಲು ಸುತ್ತು ತಿರುಗಿದರೆ ಪಿಸ್ಟನ್ ಸರಿಯಾಗಿ ಅರ್ಧ ದಾರಿಗೆ ಇಳಿದಿರುತ್ತದೆ ಎಂದು ಕಪ್ಪುಹಲಗೆಯ ಮೇಲೆ ಬರೆದೆ. “ಅಳೆದು ನೋಡೋಣವಾ ಸರ್?” ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ. ಮರುದಿನ ಮಾದರಿ ಮಾಡಿ ಅಳೆದೆವು. ತಪ್ಪಿದ್ದು ನಾನೇ.

ಮಾದರಿ ಸರಳ. ರಟ್ಟಿನ ಚಕ್ರದ ಕೇಂದ್ರದಿಂದ 3 ಸೆಂ.ಮೀ. ದೂರದಲ್ಲಿ ಒಂದು ಪಿನ್ನು. ಅದಕ್ಕೆ ರಟ್ಟಿನ ರಾಡ್, ರಾಡಿನ ತುದಿಗೆ ನೇರ ಗಾಡಿಯಲ್ಲಿ ಜಾರುವ ರಟ್ಟಿನ ಪಿಸ್ಟನ್. ರಾಡ್ ಎರಡು: 6 ಸೆಂ.ಮೀ. ಮತ್ತು 12 ಸೆಂ.ಮೀ. ಎರಡರಲ್ಲೂ ಪಿಸ್ಟನ್ನಿನ ಒಟ್ಟು ಓಟ 6 ಸೆಂ.ಮೀ. ಆದರೆ ಕಾಲು ಸುತ್ತಿಗೆ ಗಿಡ್ಡ ರಾಡಿನಲ್ಲಿ ಪಿಸ್ಟನ್ 3.8 ಸೆಂ.ಮೀ., ಉದ್ದ ರಾಡಿನಲ್ಲಿ 3.4 ಸೆಂ.ಮೀ. ಇಳಿಯುತ್ತದೆ.

ಕಾರಣವೇನು? ಕಾಲು ಸುತ್ತಿನಲ್ಲಿ ರಾಡ್ ಓರೆಯಾಗುತ್ತದೆ, ಅದರ ನೇರ ಎತ್ತರ ಕುಗ್ಗುತ್ತದೆ. ಪೈಥಾಗೊರಸ್ ಪ್ರಮೇಯದಂತೆ √(36−9) = 5.2, 9−5.2 = 3.8. ಗಿಡ್ಡ ರಾಡ್ ಹೆಚ್ಚು ಓರೆಯಾಗುವುದರಿಂದ ವ್ಯತ್ಯಾಸವೂ ಹೆಚ್ಚು. ಮೊದಲ ಕಾಲು ಸುತ್ತಿನಲ್ಲಿ 3.8, ಅಷ್ಟೇ ಸಮಯದ ಎರಡನೇ ಕಾಲಿನಲ್ಲಿ 2.2 ಸೆಂ.ಮೀ.; ಅಂದರೆ ಮೇಲ್ತುದಿಯಲ್ಲಿ ವೇಗೋತ್ಕರ್ಷ ಹೆಚ್ಚು.

ಎಂಜಿನ್ ಜೋರಾಗಿ ತಿರುಗುವಾಗ ಇದು ಮುಖ್ಯವಾಗುತ್ತದೆ. ಕ್ರ್ಯಾಂಕಿನ ತ್ರಿಜ್ಯ r, ರಾಡಿನ ಉದ್ದ l, ಕೋನೀಯ ವೇಗ ω ಆದರೆ ಮೇಲ್ತುದಿಯ ವೇಗೋತ್ಕರ್ಷ rω²(1+r/l). r = 30 ಮಿ.ಮೀ., ನಿಮಿಷಕ್ಕೆ 9,000 ಸುತ್ತು ಎಂದಿಟ್ಟುಕೊಳ್ಳಿ. 100 ಮಿ.ಮೀ. ರಾಡಿಗೆ ಅದು ಸುಮಾರು 34,600 ಮೀ/ಸೆ², ಗುರುತ್ವದ 3,500 ಪಟ್ಟು. 120 ಮಿ.ಮೀ. ರಾಡಿಗೆ ಸುಮಾರು 33,300. ರಾಡ್, ಬೇರಿಂಗ್‌ಗಳ ಮೇಲಿನ ಎಳೆತ ಶೇ. 4ರಷ್ಟು ಇಳಿಯಿತು. ಓರೆ ಕಡಿಮೆಯಾದ್ದರಿಂದ ಪಿಸ್ಟನ್ ಸಿಲಿಂಡರಿನ ಗೋಡೆಯನ್ನು ಒತ್ತುವುದೂ ಕಡಿಮೆ.

ಹಾಗೆಂದು ರಾಡ್ ಉದ್ದವಾದಷ್ಟೂ ಒಳ್ಳೆಯದೇ? ಇಲ್ಲ. ಉದ್ದ ರಾಡಿನ ತೂಕ ಹೆಚ್ಚು, ಎಂಜಿನ್ನಿನ ಎತ್ತರವೂ ಹೆಚ್ಚು. ಮೇಲಾಗಿ 9,000 ಸುತ್ತು 10,000ಕ್ಕೆ ಏರಿದರೆ ವೇಗೋತ್ಕರ್ಷ ಶೇ. 23ರಷ್ಟು ಏರುತ್ತದೆ. ರಾಡಿನಿಂದ ಆದ ಉಳಿತಾಯ ಇದರ ಮುಂದೆ ಚಿಕ್ಕದು.

ಈ ಪಾಠ ಮಾಡುವ ಸಹಪಾಠಿಗಳಿಗೆ ಒಂದು ಮಾತು: ಸೂತ್ರ ಆಮೇಲಿರಲಿ, ಮೊದಲು ಮಕ್ಕಳ ಕೈಗೆ ಅಳತೆಪಟ್ಟಿ ಕೊಡಿ. ನನ್ನ ಹಳೆಯ ವಾಕ್ಯವನ್ನು ಕಪ್ಪುಹಲಗೆಯ ಮೇಲೆ ಮತ್ತೆ ಬರೆದು, ಆ ಹುಡುಗನಿಂದಲೇ ತಿದ್ದಿಸಿದೆ.