ಅಕ್ಕನ ಸಂತಾನ ಗುರುತಿಸಿದ ಅರಸ

ಹೋದ ವರ್ಷ ನಮ್ಮ ಭಾವನವರ ಮನೆ ಗೃಹಪ್ರವೇಶದ ದಿನ ಹಾಲ್‌ನ ಗೋಡೆಗೆ ಒಂದು ದೊಡ್ಡ ಚೌಕಟ್ಟಿನ ಪಟ ಹಾಕಿದ್ದರು. ನಮ್ಮ ಮನೆತನದ ವಂಶವೃಕ್ಷ. ಏಳು ತಲೆಮಾರು, ಚೆಂದದ ಅಕ್ಷರ, ಸುತ್ತ ಬಳ್ಳಿಯ ಚಿತ್ತಾರ. ಬಂದವರೆಲ್ಲ ನಿಂತು ನೋಡಿ ಹೊಗಳಿದ್ದೇ ಹೊಗಳಿದ್ದು. ನನ್ನ ಮಗಳು ಬೆರಳಿಟ್ಟು ಹುಡುಕಿ ಹುಡುಕಿ ಕೊನೆಗೆ, "ಅಮ್ಮಾ, ಇದರಲ್ಲಿ ನೀನೂ ಇಲ್ಲ, ನಾನೂ ಇಲ್ಲ, ಅಜ್ಜಿಯೂ ಇಲ್ಲವಲ್ಲ" ಅಂದಳು. ನಿಜ! ಏಳು ತಲೆಮಾರಿನ ಗಂಡಸರನ್ನು ಹೆತ್ತವರು ಯಾರು ಅಂತ ಆ ಪಟದಲ್ಲಿ ಎಲ್ಲೂ ಇರಲಿಲ್ಲ. ಭಾವನವರು ನಕ್ಕು, "ವಂಶ ಅಂದ್ರೆ ಗಂಡಿನ ಕಡೆಯಿಂದ ತಾನೇ ಕಣಮ್ಮಾ" ಅಂದರು. ನಾನು ಪಾಯಸ ಬಡಿಸೋದಕ್ಕೆ ಒಳಗೆ ಹೋದೆ.

ಆ ಮಾತು ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ಆಮೇಲೆ ಕಾಲೇಜಿನಲ್ಲಿ ಜೀವಶಾಸ್ತ್ರ ಓದುವ ಮಗಳು ನನಗೊಂದು ಕತೆ ಹೇಳಿದಳು. ಕತೆಯಲ್ಲ, ನಡೆದದ್ದೇ. ಅದನ್ನು ನಿಮಗೂ ಹೇಳಬೇಕು ಅನ್ನಿಸಿತು.

ಇಂಗ್ಲೆಂಡಿನಲ್ಲಿ ಮೂರನೆಯ ರಿಚರ್ಡ್ ಅಂತ ಒಬ್ಬ ರಾಜನಿದ್ದ. 1485ರ ಆಗಸ್ಟ್ 22ರಂದು ಬಾಸ್‌ವರ್ತ್ ಎಂಬಲ್ಲಿ ಯುದ್ಧದಲ್ಲಿ ಸತ್ತ. ಆಗ ಅವನಿಗೆ ಮೂವತ್ತೆರಡೇ ವರ್ಷ. ಗೆದ್ದವರು ಹೆಣವನ್ನು ಹತ್ತಿರದ ಲೆಸ್ಟರ್ ಊರಿಗೆ ತಂದರು. ಅಲ್ಲಿನ ಸನ್ಯಾಸಿಗಳು ತಮ್ಮ ಮಠದ ಇಗರ್ಜಿಯಲ್ಲಿ ಹೂತರು. 1538ರಲ್ಲಿ ಆ ಮಠವನ್ನೇ ಮುಚ್ಚಿಸಿದರು, ಕಟ್ಟಡ ಕೆಡವಿದರು, ಗೋರಿ ಎಲ್ಲಿತ್ತು ಅನ್ನೋದೇ ಮರೆತುಹೋಯಿತು. ಮೂಳೆಗಳನ್ನು ಹೊಳೆಗೆ ಎಸೆದರಂತೆ ಅಂತಲೂ ಜನ ಆಡಿಕೊಂಡರು.

ಫಿಲಿಪ್ಪಾ ಲ್ಯಾಂಗ್ಲಿ ಎಂಬ ಹೆಂಗಸು ಅದನ್ನು ನಂಬಲಿಲ್ಲ. ಆಕೆ ದೊಡ್ಡ ಪ್ರೊಫೆಸರೇನಲ್ಲ, ಚಿತ್ರಕತೆ ಬರೆಯುವಾಕೆ. ಹಳೇ ಮಠದ ಜಾಗದಲ್ಲಿ ಈಗ ಕಾರು ನಿಲ್ಲಿಸುವ ಅಂಗಳವಿದೆ, ರಾಜ ಅಲ್ಲೇ ಇದ್ದಾನೆ ಅಂತ ಹಟ ಹಿಡಿದು, ದುಡ್ಡು ಕೂಡಿಸಿ, ಲೆಸ್ಟರ್ ವಿಶ್ವವಿದ್ಯಾಲಯದವರಿಂದ ಅಗೆಸಿದಳು. 2012ರ ಆಗಸ್ಟ್ 25ರಂದು ಅಗೆತ ಶುರುವಾಯಿತು. ಮೊದಲ ದಿನವೇ ಕಾಲಿನ ಮೂಳೆ ಕಂಡಿತು! ಪೂರ್ತಿ ತೆಗೆದು ನೋಡಿದರೆ ಬೆನ್ನುಮೂಳೆ ಹಾವಿನಂತೆ ಬಾಗಿತ್ತು, ತಲೆಬುರುಡೆಯ ಮೇಲೇ ಒಂಬತ್ತು ಗಾಯದ ಗುರುತು. ರಾಜನ ಒಂದು ಭುಜ ಇನ್ನೊಂದಕ್ಕಿಂತ ಎತ್ತರ ಅಂತ ಹಳಬರು ಬರೆದಿಟ್ಟಿದ್ದಕ್ಕೆ ಸರಿಯಾಗಿತ್ತು.

ಆದರೂ ಸರಿಯಾಗಿತ್ತು ಅಂದರೆ ಸಾಕೇ? ಅವನೇ ಅನ್ನೋದಕ್ಕೆ ಸಾಕ್ಷಿ ಬೇಡವೇ? ಮದುವೆಯಿಂದ ಹುಟ್ಟಿದ ಒಬ್ಬನೇ ಮಗ ತಂದೆಗಿಂತ ಮೊದಲೇ, 1484ರಲ್ಲಿ ತೀರಿಕೊಂಡಿದ್ದ.

ಇಲ್ಲೇ ನೋಡಿ ಹೆಂಗಸರ ಪಾತ್ರ ಬರೋದು. ನಮ್ಮ ಮೈಯ ಹೆಚ್ಚುಕಡಿಮೆ ಎಲ್ಲ ಬಗೆಯ ಜೀವಕೋಶಗಳೊಳಗೂ ಶಕ್ತಿ ತಯಾರಿಸುವ ಪುಟ್ಟ ಪುಟ್ಟ ಒಲೆಗಳಿರುತ್ತವೆ. ಮೈಟೊಕಾಂಡ್ರಿಯ ಅನ್ನುತ್ತಾರೆ. ಅದಕ್ಕೆ ಅದರದೇ ಬೇರೆ ಡಿ.ಎನ್.ಎ. ಇದೆ, ಸುಮಾರು ಹದಿನಾರೂವರೆ ಸಾವಿರ ಅಕ್ಷರದ ಬರಹ ಅಂತ ಇಟ್ಟುಕೊಳ್ಳಿ. ಇದು ನಮಗೆ ಬರೋದು ತಾಯಿಯಿಂದ ಮಾತ್ರ. ತಾಯಿ ತನ್ನ ಗಂಡುಮಕ್ಕಳಿಗೂ ಕೊಡುತ್ತಾಳೆ, ಹೆಣ್ಣುಮಕ್ಕಳಿಗೂ ಕೊಡುತ್ತಾಳೆ. ಆದರೆ ಗಂಡುಮಕ್ಕಳು ಅದನ್ನು ಮುಂದೆ ದಾಟಿಸಲಾರರು, ಅವರಲ್ಲೇ ನಿಂತುಹೋಗುತ್ತದೆ. ಮಗಳಿಂದ ಮೊಮ್ಮಗಳಿಗೆ, ಮೊಮ್ಮಗಳಿಂದ ಮರಿಮಗಳಿಗೆ ಹೆಚ್ಚುಕಡಿಮೆ ಬದಲಾಗದೆ ಹೋಗುತ್ತದೆ, ಹೆಪ್ಪು ಹಾಕಿದ ಮೊಸರು ಮನೆಯಿಂದ ಮನೆಗೆ ಹೋದ ಹಾಗೆ.

ಅಂದರೆ ರಿಚರ್ಡನಿಗೂ ಅವನ ಅಕ್ಕ ಆನ್‌ಳಿಗೂ ತಾಯಿ ಸಿಸಿಲಿ ನೆವಿಲ್ ಕೊಟ್ಟದ್ದು ಒಂದೇ. ಆನ್ 1476ರಲ್ಲೇ ಸತ್ತಳು. ಆದರೆ ಅದೇ ವರ್ಷ ಹುಟ್ಟಿದ ಒಂದು ಹೆಣ್ಣು ಕೂಸು ಉಳಿಯಿತು. ಆ ಕೂಸಿನ ಮಗಳು, ಅವಳ ಮಗಳು, ಅವಳ ಮಗಳು ಅಂತ ಹಿಡಿದುಕೊಂಡು ಬಂದರೆ ಈಗ ಬದುಕಿರುವವರು ಸಿಕ್ಕಬೇಕು.

ಹೇಳೋದು ಸುಲಭ. ಪ್ರತಿ ತಲೆಮಾರಿಗೂ ಮನೆ ಬದಲು, ಮನೆತನದ ಹೆಸರು ಬದಲು. ಗಂಡಸರ ಪಟ್ಟಿ ಅಲ್ಲೂ ಅಚ್ಚಾಗಿದೆ, ಹೆಂಗಸರನ್ನು ಹುಡುಕಬೇಕು. ಜಾನ್ ಆಶ್‌ಡೌನ್-ಹಿಲ್ ಎಂಬ ಇತಿಹಾಸಕಾರರು ಈ ಕೆಲಸಕ್ಕೆ ಕೂತರು. ನಿಜ ಹೇಳಬೇಕೆಂದರೆ ಅವರು ಮೊದಲು ಹೊರಟಿದ್ದು ರಾಜನಿಗಾಗಿ ಅಲ್ಲ. ಬೆಲ್ಜಿಯಮ್ಮಿನಲ್ಲಿ ಸಿಕ್ಕ ಮೂಳೆ ರಾಜನ ಇನ್ನೊಬ್ಬ ಅಕ್ಕ ಮಾರ್ಗರೆಟ್‌ಳದೋ ಅಂತ ತಿಳಿಯಲು. ಮಠ ಮುಚ್ಚಿಸಿದರು ಅಂದೆನಲ್ಲ, ಅದೇ 1538ರಲ್ಲಿ ಪ್ರತಿ ಇಗರ್ಜಿಯೂ ನಾಮಕರಣ, ಮದುವೆ, ಸಾವಿನ ಲೆಕ್ಕ ಬರೆದಿಡಬೇಕೆಂದು ಆ ದೇಶದಲ್ಲಿ ಆಜ್ಞೆಯಾಯಿತು. ಒಂದು ಕೈ ಗೋರಿ ಅಳಿಸಿತು, ಇನ್ನೊಂದು ಕೈ ಅದನ್ನು ಹುಡುಕುವ ದಾರಿ ಇಟ್ಟಿತು. ಇಂಥ ದಾಖಲೆಗಳ ಜಾಡು ಹಿಡಿದು 2004ರಲ್ಲಿ ಅವರು ಕೆನಡಾದಲ್ಲಿದ್ದ ಜಾಯ್ ಇಬ್ಸೆನ್ ಎಂಬ ಹೆಂಗಸನ್ನು ಮುಟ್ಟಿದರು. ಆಕೆ 2008ರಲ್ಲಿ ತೀರಿಕೊಂಡರು, ಅಗೆತ ನೋಡಲಿಲ್ಲ. ಲಂಡನ್ನಿನಲ್ಲಿ ಮರಗೆಲಸ ಮಾಡುವ ಅವರ ಮಗ ಮೈಕೆಲ್ ಕೆನ್ನೆಯ ಒಳಗಿನ ಎಂಜಲ ಮಾದರಿ ಕೊಟ್ಟರು.

ಒಬ್ಬರೇ ಸಾಕ್ಷಿ ಸಾಲದು ಅಂತ ಆನ್‌ಳ ಸಂತಾನದ ಇನ್ನೊಂದು ಕವಲನ್ನೂ ಹುಡುಕಿದರು. ವೆಂಡಿ ಡಲ್ಡಿಗ್ ಎಂಬಾಕೆ ಸಿಕ್ಕರು. ಟೂರಿ ಕಿಂಗ್ ಎಂಬ ವಿಜ್ಞಾನಿ (ಇವರೂ ಹೆಂಗಸೇ!) ಹಳೇ ಹಲ್ಲು, ತೊಡೆಮೂಳೆಯಿಂದ ಡಿ.ಎನ್.ಎ. ತೆಗೆದು ಹೋಲಿಸಿದರು. ಮೈಕೆಲರದು ಅಕ್ಷರಕ್ಕಕ್ಷರ ಹೊಂದಿತು. ವೆಂಡಿಯವರದರಲ್ಲಿ ಒಂದೇ ಒಂದು ಅಕ್ಷರದ ವ್ಯತ್ಯಾಸ. ಐನೂರು ವರ್ಷದಲ್ಲಿ ಒಂದಕ್ಷರ! 2013ರ ಫೆಬ್ರುವರಿ 4ರಂದು ಇವನೇ ರಾಜ ಅಂತ ಸಾರಿದರು. 2014ರ ಡಿಸೆಂಬರ್‌ನಲ್ಲಿ ಎಲ್ಲ ಸಾಕ್ಷಿ ಕೂಡಿಸಿ ಲೆಕ್ಕ ಹಾಕಿದ ವರದಿ ಬಂತು. ನೂರಕ್ಕೆ 99.999ರಷ್ಟು ಖಾತ್ರಿಯಂತೆ.

ಇನ್ನು ಗಂಡಿನ ಕಡೆ. ತಂದೆಯಿಂದ ಮಗನಿಗೆ ಮಾತ್ರ ಹೋಗುವ ವೈ ಕ್ರೋಮೋಸೋಮ್ ಅಂತ ಇದೆ. ರಿಚರ್ಡನ ಮುತ್ತಜ್ಜನ ತಂದೆ ಮೂರನೆಯ ಎಡ್ವರ್ಡನ ವಂಶದವರೆಂದು ದಾಖಲೆಯಲ್ಲಿರುವ ಐವರು ಗಂಡಸರನ್ನು ಪರೀಕ್ಷಿಸಿದರು. ಐವರಲ್ಲಿ ಒಬ್ಬರದೂ ರಾಜನಿಗೆ ಹೊಂದಲಿಲ್ಲ. ಅಷ್ಟೇ ಅಲ್ಲ, ಐವರಲ್ಲಿ ಒಬ್ಬರದು ಉಳಿದ ನಾಲ್ವರಿಗೂ ಹೊಂದಲಿಲ್ಲ. ಅಂದರೆ ಅಚ್ಚಾದ ಆ ವಂಶಾವಳಿಯಲ್ಲಿ ಎಲ್ಲೋ ಬರೆದ ತಂದೆ ಬೇರೆ, ಹೆತ್ತ ತಂದೆ ಬೇರೆ. ಯಾವ ತಲೆಮಾರಿನಲ್ಲಿ ಅಂತ ಈ ಪರೀಕ್ಷೆ ಹೇಳಲಾರದು. ಯಾರನ್ನೂ ಹಂಗಿಸಲು ಇದನ್ನು ಬರೆಯುತ್ತಿಲ್ಲ. ಈಗ ಅಂಚೆಯಲ್ಲೇ ಎಂಜಲು ಕಳಿಸಿ ವಂಶ ನೋಡಿಸಿಕೊಳ್ಳುವವರಿದ್ದಾರೆ. ಕಳಿಸುವ ಮುಂಚೆ, ಬರುವ ಉತ್ತರ ಮನೆಯ ಹಿರಿಯರೊಬ್ಬರ ಮರ್ಯಾದೆಯನ್ನೋ ಕಿರಿಯರ ನೆಮ್ಮದಿಯನ್ನೋ ಮುಟ್ಟಬಹುದು ಅಂತ ಎರಡು ಸಲ ಯೋಚಿಸೋದು ಒಳ್ಳೇದು.

2015ರ ಮಾರ್ಚ್ 26ರಂದು ರಾಜನನ್ನು ಲೆಸ್ಟರಿನ ದೊಡ್ಡ ಇಗರ್ಜಿಯಲ್ಲಿ ಮತ್ತೆ ಮಣ್ಣುಮಾಡಿದರು. ಓಕ್ ಮರದ ಆ ಪೆಟ್ಟಿಗೆಯನ್ನು ಮಾಡಿದವರು ಮೈಕೆಲ್. ಐನೂರು ವರ್ಷದ ಸೋದರಮಾವನಿಗೆ ಸೋದರಳಿಯ ಕೈಯಾರೆ ಮಾಡಿದ್ದು! ಇದನ್ನು ಕೇಳುವಾಗ ನನ್ನ ಕಣ್ಣು ಒದ್ದೆಯಾಗಿದ್ದು ಸುಳ್ಳಲ್ಲ.

ಮಗಳು ಅಂದು ರಾತ್ರಿ ನೋಟ್‌ಬುಕ್ ತಂದು, "ಅಮ್ಮಾ, ನಿನ್ನ ಸಾಲು ಬರಿ" ಅಂದಳು. ಅವಳ ಹೆಸರು, ಮೇಲೆ ನನ್ನದು, ಅಮ್ಮನದು, ಅಜ್ಜಿಯದು, ಮುತ್ತಜ್ಜಿಯದು. ಅಲ್ಲಿಗೆ ಪೆನ್ನು ನಿಂತಿತು. ತೀರ್ಥಹಳ್ಳಿಯಲ್ಲಿರುವ ಚಿಕ್ಕಜ್ಜಿಗೆ ಫೋನ್ ಮಾಡಿದೆ. ಎಂಬತ್ತಾರು ದಾಟಿದೆ, ಕಿವಿ ಮಂದ.

"ಚಿಕ್ಕಜ್ಜೀ, ನಿಮ್ಮಮ್ಮನ ಅಮ್ಮನ ಹೆಸರೇನು?"

"ನಮ್ಮಜ್ಜಿಯಾ? ಪುಟ್ಟಕ್ಕ ಅಂತಿದ್ರು ಎಲ್ಲ. ಅದು ಕರೆಯೋ ಹೆಸರು ಕಣೇ ಮಗಾ. ನಿಜದ ಹೆಸರು ಬೇರೆ ಇತ್ತು. ಮದುವೇಲಿ ಬದಲಾಯಿಸಿದ್ರಂತೆ... ತಡಿ, ನೆನಪಾಗತ್ತೆ. ನೀನು ಬಾ, ಕೂತು ಹೇಳ್ತೀನಿ."

ಬರುವ ಭಾನುವಾರ ಮಗಳನ್ನು ಕರಕೊಂಡು ಹೋಗುತ್ತಿದ್ದೇನೆ. ಚಿಕ್ಕಜ್ಜಿಗೆ ಇಷ್ಟ ಅಂತ ಕೋಡುಬಳೆ ಮಾಡಿ ಡಬ್ಬಿಗೆ ತುಂಬಿಟ್ಟಾಗಿದೆ, ನೋಟ್‌ಬುಕ್ಕೂ ಅದರ ಪಕ್ಕದಲ್ಲೇ ಇದೆ.