ಅವಧಿದತ್ತ ಸಂಖ್ಯೆಯ ಮಾಸವಿಭಾಗ

ಓಲೆಯ ಪ್ರತಿಗಳ ಸಮಾಪ್ತಿವಾಕ್ಯಗಳಲ್ಲಿ ಲಿಪಿಕಾರರು ಸಂವತ್ಸರ, ಮಾಸ, ತಿಥಿ, ವಾರಗಳನ್ನು ನಮೂದಿಸುವ ವಾಡಿಕೆಯುಂಟು. ಬರೆಯಲಾರಂಭಿಸಿದ ದಿನವೂ ತಿಳಿದಲ್ಲಿ ಲೇಖನದ ಅವಧಿಯೇ ಸಿದ್ಧವಾಗುವುದು. ಇಂತಹ ಪ್ರತಿಗಳನ್ನು ಗಣಕಯಂತ್ರದ ಕೋಷ್ಟಕಕ್ಕೇರಿಸಿ, ಯಾವ ಮಾಸದಲ್ಲಿ ಎಷ್ಟು ಗರಿಗಳು ಬರೆಯಲ್ಪಟ್ಟವೆಂದು ಕೇಳಿದೊಡನೆ ತೊಡಕು ಏಳುತ್ತದೆ. ಪ್ರತಿಯೊಂದಕ್ಕೆ ಸಾಲು ಒಂದೇ. ಅವಧಿಯಾದರೋ ಎರಡು ಮೂರು ಮಾಸಗಳನ್ನು ವ್ಯಾಪಿಸಿರುವುದು. ಸಮಸ್ತವನ್ನೂ ಮುಗಿದ ಮಾಸಕ್ಕೇ ಸೇರಿಸುವುದು ಸುಲಭ, ಆದರೆ ಅಯುಕ್ತ.

ನೂರು ಗರಿಗಳ ಪ್ರತಿಯೊಂದು 1820ನೆಯ ಜನವರಿ 20ರಿಂದ ಮಾರ್ಚಿ 10ರವರೆಗೆ, ಎರಡು ತುದಿಯ ದಿನಗಳೂ ಕೂಡಿ, ಬರೆಯಲ್ಪಟ್ಟಿತೆಂದು ಭಾವಿಸಬಹುದು. ಅವಧಿಯ ಆದಿ, ಮಾಸದ ಆದಿ ಇವುಗಳಲ್ಲಿ ತಡವಾಗಿ ಬರುವುದನ್ನೂ, ಅವಧಿಯ ಅಂತ್ಯ, ಮಾಸದ ಅಂತ್ಯ ಇವುಗಳಲ್ಲಿ ಮೊದಲು ಬರುವುದನ್ನೂ ಆರಿಸಿ, ಎರಡನೆಯದರಲ್ಲಿ ಮೊದಲನೆಯದನ್ನು ಕಳೆದು ಒಂದನ್ನು ಕೂಡಿಸತಕ್ಕದ್ದು. ಲಬ್ಧವು ಋಣವಾದರೆ ಆ ಮಾಸಕ್ಕೆ ಸೊನ್ನೆ. ಕೂಡಿಸಬೇಕಾದ ಆ ಒಂದನ್ನು ಮರೆಯುವವರೇ ಹೆಚ್ಚು. ಮರೆತರೆ ಮೂರು ಮಾಸಗಳಲ್ಲಿ ಮೂರು ದಿನಗಳು ಮಾಯವಾಗುವುವು. ಸರಿಯಾಗಿ ಎಣಿಸಿದರೆ ಜನವರಿಗೆ 12, ಅಧಿಕವರ್ಷವಾದುದರಿಂದ ಫೆಬ್ರವರಿಗೆ 29, ಮಾರ್ಚಿಗೆ 10. ಒಟ್ಟು 51 ದಿನ.

ಮುಂದಿನದು ಲೀಲಾವತಿಯನ್ನು ಓದಿದವರಿಗೆ ಪರಿಚಿತವಾದ ತ್ರೈರಾಶಿಕವೇ. ಪ್ರಮಾಣ 51 ದಿನ, ಫಲ 100 ಗರಿ, ಇಚ್ಛೆ ಆಯಾ ಮಾಸದ ದಿನಗಳು. ಕ್ರಮವಾಗಿ 23.53, 56.86, 19.61 ಗರಿಗಳು ಬರುವುವು. ಭಿನ್ನಗಳನ್ನು ಸಮೀಪದ ಪೂರ್ಣಾಂಕಗಳಿಗೆ ತಂದರೆ 24, 57, 20, ಕೂಡಿದರೆ 101. ಇಲ್ಲದ ಗರಿಯೊಂದು ಹುಟ್ಟಿತು! ಇದಕ್ಕೆ ಪರಿಹಾರವೇನೆಂದರೆ, ಮಾಸಗಳನ್ನು ಬಿಡಿಬಿಡಿಯಾಗಿ ಪೂರ್ಣಗೊಳಿಸದೆ ಮೊದಲಿನಿಂದ ಕೂಡುತ್ತ ಬಂದ ಮೊತ್ತವನ್ನು ಪೂರ್ಣಗೊಳಿಸುವುದು: 12 ದಿನಕ್ಕೆ 24, 41 ದಿನಕ್ಕೆ 80, 51 ದಿನಕ್ಕೆ 100. ಇವುಗಳ ಅಂತರಗಳು 24, 56, 20, ಮೊತ್ತ ನೂರೇ.

ಎಕ್ಸೆಲ್ ಎಂಬ ತಂತ್ರಾಂಶವು ದಿನಾಂಕಗಳನ್ನು ಅಹರ್ಗಣದಂತೆ ದಿನಸಂಖ್ಯೆಯಾಗಿಯೇ ಇಟ್ಟುಕೊಳ್ಳುತ್ತದೆ. ಕಲ್ಯಹರ್ಗಣದ ಆದಿ ಕ್ರಿ.ಪೂ. 3102ರ ಫೆಬ್ರವರಿ 18. ಇದರ ವಾಡಿಕೆಯ ಎಣಿಕೆಯ ಆದಿಯಾದರೋ ಕ್ರಿ.ಶ. 1900ರ ಜನವರಿ 1. ಎಂದೂ ಇರದಿದ್ದ 1900ರ ಫೆಬ್ರವರಿ 29ನ್ನೂ ಅದು ಎಣಿಸುವುದು ವಿನೋದವೇ ಸರಿ. ಅದಕ್ಕೂ ಹಿಂದಿನ ತೇದಿಗಳು ಅದಕ್ಕೆ ಬರಿಯ ಅಕ್ಷರಗಳು. ಹಳೆಯ ಪ್ರತಿಗಳನ್ನು ಪಟ್ಟಿಮಾಡುವವರಿಗೆ ಇದು ಸಣ್ಣ ಅಡಚಣೆಯಲ್ಲ. ಗ್ರೆಗರಿ ಪಂಚಾಂಗವು 400 ವರ್ಷಗಳಿಗೊಮ್ಮೆ ವಾರಸಹಿತವಾಗಿ ಮರುಕಳಿಸುವುದರಿಂದ, 1820ಕ್ಕೆ ಬದಲಾಗಿ 2220 ಎಂದು ಬರೆದು ಗಣಿಸಿದರೆ ದಿನಗಳು ತಪ್ಪುವುದಿಲ್ಲ. ಚಾಂದ್ರಮಾಸಗಳಿಗೆ ಹಂಚುವಾಗ ಅವುಗಳ ಆದ್ಯಂತಗಳನ್ನು ಪಂಚಾಂಗದಿಂದಲೇ ತುಂಬತಕ್ಕದ್ದು. ಅಧಿಕಮಾಸಕ್ಕೆ ಬೇರೆಯೇ ಅಂಕಣವಿರಬೇಕು.

ಇಷ್ಟೆಲ್ಲವೂ ಲಿಪಿಕಾರನು ದಿನವೂ ಸಮವಾಗಿ ಬರೆದನೆಂಬ ಕಲ್ಪನೆಯ ಮೇಲೆ ನಿಂತಿದೆ. ಹಬ್ಬವಾಗಲಿ ಜ್ವರವಾಗಲಿ ಗಣಿತಕ್ಕೆ ಗೋಚರವಲ್ಲ. ಫೆಬ್ರವರಿಯ 56 ಗರಿಗಳನ್ನು ಯಾರೂ ಕಂಡದ್ದಲ್ಲ. ಅಂಕಣದ ತಲೆಯಲ್ಲಿ ‘ಗಣಿತಲಬ್ಧ’ ಎಂದು ಬರೆಯದಿದ್ದರೆ ಮುಂದಿನ ಲೇಖಕನು ಅದನ್ನೇ ಪ್ರಮಾಣವೆಂದು ಉದ್ಧರಿಸುವನು. ನಡುವಣ ಆಶ್ವಾಸಾಂತ್ಯದಲ್ಲಿ ತೇದಿಯೊಂದು ದೊರೆತರೆ ಅವಧಿಯನ್ನು ಅಲ್ಲಿಯೇ ಒಡೆದು, ಎರಡು ಭಾಗಗಳನ್ನೂ ಅವುಗಳ ನಿಜವಾದ ಗರಿಗಳೊಡನೆ ಬೇರೆ ಬೇರೆಯಾಗಿ ಹಂಚತಕ್ಕದ್ದು.